ಕೆರೆಗೊಬ್ಬ ನೀರುಗಂಟಿ ಬೇಕು: ಬೆಂಗಳೂರಿನ ಕೆರೆಗಳ ಹೊಣೆ ಹೊತ್ತವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಬೆಂಗಳೂರಿನ ಆಗ್ನೇಯ ಭಾಗದ ಒಂದು ಕೆರೆ ಏರಿಯ ಕೆಳಗಿನ ಬಡಾವಣೆಯ ನಿವಾಸಿ ನಾನು. ಕೆರೆ ನೋಡಿಕೊಳ್ಳುವವರು, ರಾಜಕಾಲುವೆ ನೋಡಿಕೊಳ್ಳುವವರು, ಒಳಚರಂಡಿ ಮತ್ತು ಸಂಸ್ಕರಣಾ ಘಟಕ ನಡೆಸುವವರು, ಮೀನುಗಾರಿಕೆಯ ಗುತ್ತಿಗೆ ಕೊಡುವವರು ಎಲ್ಲರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ. ಕೆರೆಯ ಸುತ್ತ ಮನೆ ಮಾಡಿಕೊಂಡಿರುವ ನಮ್ಮವರೂ ಇದನ್ನು ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ಕಳೆ ತೆಗೆಸುವುದು ನಿಮ್ಮಲ್ಲಿ ಒಂದು ಕಡತ. ಮಳೆಗಾಲದಲ್ಲಿ ಮನೆಗಳಿಗೆ ನೀರು ನುಗ್ಗದಂತೆ ನೋಡುವುದು ಇನ್ನೊಂದು. ಕೆರೆಗೆ ಕೊಳಚೆ ಸೇರದಂತೆ ತಡೆಯುವುದು ಮತ್ತೊಂದು. ಏರಿಯ ಮೇಲೆ ನಿಂತು ನೋಡುವವರಿಗೆ ಇವು ಮೂರಲ್ಲ, ಒಂದೇ. ನೀರಿನ ಮಟ್ಟ ವರ್ಷವಿಡೀ ಒಂದೇ ಕಡೆ ನಿಂತಿರುವುದರಿಂದ ಕಳೆ ಕೊಬ್ಬುತ್ತದೆ. ಕೊಬ್ಬಿದ ಕಳೆ, ತುಂಬಿದ ಕೆರೆಯ ಹೆಚ್ಚಿನ ನೀರು ಹೊರಹೋಗುವ ಕೋಡಿಗೆ ಅಡ್ಡ ಕೂರುತ್ತದೆ. ಕೋಡಿ ಕಟ್ಟಿಕೊಂಡಾಗ ಕೆರೆ ನಮ್ಮ ಅಡ್ಡರಸ್ತೆಗಳಿಗೆ ಇಳಿಯುತ್ತದೆ. ಹಾಗಾಗಿ ನನ್ನ ಬೇಡಿಕೆ ಇಷ್ಟೇ: ಪ್ರತಿ ಕೆರೆಗೂ ಬರಹದಲ್ಲಿರುವ ನೀರಿನ ಮಟ್ಟದ ನಿಯಮ ಬೇಕು, ಅದನ್ನು ಪಾಲಿಸಲು ಕೀಲಿಕೈ ಕೈಯಲ್ಲಿರುವ ಒಬ್ಬ ಮನುಷ್ಯ ಬೇಕು. ಹಿಂದೆ ಅವನನ್ನು ನೀರುಗಂಟಿ ಎನ್ನುತ್ತಿದ್ದರು. ಇವತ್ತು ಯಾವ ಹುದ್ದೆಯ ಹೆಸರು ಕೊಟ್ಟರೂ ನಮಗೆ ಅಡ್ಡಿಯಿಲ್ಲ.

ಬೆಂಗಳೂರು ನದಿ ದಂಡೆಯ ಊರಲ್ಲ, ದಿಣ್ಣೆಯ ಮೇಲಿನ ಊರು. ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಕಣಿವೆಗಳಲ್ಲಿ ಇಳಿದು ಹೋಗುವ ಮಳೆ ನೀರನ್ನು ಹಂತ ಹಂತವಾಗಿ ತಡೆದು ನಿಲ್ಲಿಸಲು ನಮ್ಮ ಹಿರಿಯರು ಕೆರೆ ಕಟ್ಟಿದರು. ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಬರುತ್ತಿತ್ತು. ಏರಿಯ ಕೆಳಗೆ ಕೆರೆ ನೀರುಣ್ಣುವ ಗದ್ದೆಗಳ ಅಚ್ಚುಕಟ್ಟು, ಅಲ್ಲಿಗೆ ಏರಿಯ ಬುಡದ ತೂಬಿನಿಂದ ನೀರು. ಹಿಂಗಾರು ಮುಗಿಯುವ ಹೊತ್ತಿಗೆ ತುಂಬಿ ನಿಲ್ಲುತ್ತಿದ್ದ ಕೆರೆ ಸಂಕ್ರಾಂತಿ ಕಳೆದು ಯುಗಾದಿ ಬರುವಷ್ಟರಲ್ಲಿ ಇಳಿದು ಅಂಗಳ ತೋರಿಸುತ್ತಿತ್ತು. ಆಗ ಕೆರೆಗೋಡನ್ನು, ಅಂದರೆ ತಳದ ಹೂಳುಮಣ್ಣನ್ನು, ಗಾಡಿಗಳಲ್ಲಿ ಹೊಲಕ್ಕೆ ಹೊಡೆಯುತ್ತಿದ್ದರು, ಅಂಗಳದ ಹುಲ್ಲಿಗೆ ದನ ಬಿಡುತ್ತಿದ್ದರು. ಕೆರೆ ಪ್ರತಿ ವರ್ಷ ಒಣಗಿ, ಬಿಸಿಲು ಕಂಡು, ಹೂಳು ಕಳೆದುಕೊಂಡು ಮತ್ತೆ ತುಂಬುತ್ತಿತ್ತು. ಕಳೆ ತೆಗೆಯಲೆಂದು ಪ್ರತ್ಯೇಕ ಖರ್ಚು ಮಾಡಿದವರಿರಲಿಲ್ಲ, ಆ ಇಳಿತವೇ ಅರ್ಧ ಕೆಲಸ ಮುಗಿಸುತ್ತಿತ್ತು.

ನಮ್ಮ ಬಡಾವಣೆಯ ಹಿಂದಿನ ಹಳ್ಳಿಯಲ್ಲಿ ನೀರುಗಂಟಿ ಮನೆತನದ ಅಜ್ಜ ಒಬ್ಬರಿದ್ದಾರೆ. ಅವರ ತಂದೆಗೆ ಈ ಕೆಲಸಕ್ಕೆ ಮಾನ್ಯದ ತುಂಡು ಭೂಮಿಯೂ ಸುಗ್ಗಿಯಲ್ಲಿ ಕಣದ ಪಾಲೂ ಇತ್ತಂತೆ. ಹಳೆಯ ತೂಬಿನ ಕಲ್ಲುಕಂಬವನ್ನು ಒಮ್ಮೆ ಅವರೇ ಕರೆದುಕೊಂಡು ಹೋಗಿ ತೋರಿಸಿದರು. ಕಂಬದ ಒಳಮೈಯಲ್ಲಿ ಉಳಿಯಿಂದ ಕೊರೆದ ಅಡ್ಡಗೀರುಗಳಿವೆ, ಪಾಚಿ ಕೆರೆದರೆ ಇವತ್ತಿಗೂ ಬೆರಳಿಗೆ ಸಿಗುತ್ತವೆ. "ಉತ್ತರೆ, ಹಸ್ತ ಆಗೋವರ್ಗೂ ಈ ಗೀರು ದಾಟೋಕೆ ಬಿಡ್ತಿರ್ಲಿಲ್ಲ ಕಣಮ್ಮಾ ನಮ್ಮಪ್ಪ. ಚಿತ್ತೆ ಮಳೆ ಹೋದ್ಮೇಲೆ ತೂಬು ಮುಚ್ಚೋದು. ಸ್ವಾತಿಗೆ ತುಂಬ್ಕೊಳ್ಳೋದು" ಎಂದರು. ಅವರು ಹೇಳಿದ ಈ ಮಳೆ ನಕ್ಷತ್ರಗಳು ಸೆಪ್ಟೆಂಬರ್ ನಡುವಿನಿಂದ ನವೆಂಬರ್ ಮೊದಲ ವಾರದವರೆಗೆ ಬರುತ್ತವೆ. ಇವತ್ತಿನ ಎಂಜಿನಿಯರುಗಳು ಜಲಾಶಯಗಳಿಗೆ ನಕ್ಷೆ ಬರೆದು ಮಾಡುವುದು ಇದನ್ನೇ. ಯಾವ ತಿಂಗಳಲ್ಲಿ ನೀರು ಎಷ್ಟಿರಬೇಕು, ಮಳೆಗೆಂದು ಎಷ್ಟು ಜಾಗ ಖಾಲಿ ಬಿಡಬೇಕು ಎಂಬ ಲೆಕ್ಕ. ಕೃಷ್ಣರಾಜಸಾಗರಕ್ಕೆ, ತುಂಗಭದ್ರಾಕ್ಕೆ ಇರುವ ಈ ಲೆಕ್ಕ ನಮ್ಮ ಮನೆ ಹಿಂದಿನ ಕೆರೆಗೆ ಇಲ್ಲ.

ಅಚ್ಚುಕಟ್ಟು ಹೋಗಿ ನಿವೇಶನಗಳಾದಾಗ ತೂಬಿಗೆ ಕೆಲಸ ತಪ್ಪಿತು. ಎಷ್ಟೋ ಕೆರೆಗಳಲ್ಲಿ ತೂಬನ್ನು ಮಣ್ಣು ತುಂಬಿ, ಕಾಂಕ್ರೀಟು ಹಾಕಿ ಮುಚ್ಚಿಬಿಟ್ಟರು. ಅದೇ ಕಾಲಕ್ಕೆ ಕೆರೆಗೆ ಹೊಸ ನೀರು ಬಂತು. ನೂರು ಕಿಲೋಮೀಟರ್ ದೂರದಿಂದ ಪಂಪು ಮಾಡಿ ತಂದ ಕಾವೇರಿ, ಸಾವಿರ ಅಡಿ ಆಳದ ಕೊಳವೆಬಾವಿಯ ನೀರು ನಮ್ಮ ಸ್ನಾನದಮನೆ, ಅಡುಗೆಮನೆ, ಶೌಚಾಲಯ ದಾಟಿ ರಾಜಕಾಲುವೆ ಹಿಡಿದು ಕೆರೆಗೆ ಇಳಿಯತೊಡಗಿತು. ಈ ಹರಿವಿಗೆ ಬೇಸಿಗೆ, ಮಳೆಗಾಲ ಎಂಬ ಭೇದವಿಲ್ಲ. ಮಳೆಗಾಲದ ಕೆರೆ ಹೀಗೆ ಹನ್ನೆರಡು ತಿಂಗಳೂ ಕೋಡಿ ಮಟ್ಟದಲ್ಲೇ ನಿಲ್ಲುವ ಕೆರೆಯಾಯಿತು. ನೋಡುವವರಿಗೆ ತುಂಬಿದ ಕೆರೆ ಚೆಂದ. ಆದರೆ ಜೂನ್ ತಿಂಗಳಲ್ಲೇ ತುಂಬಿ ನಿಂತ ಕೆರೆಗೆ ಸೆಪ್ಟೆಂಬರಿನ ಮಳೆಯನ್ನು ಹಿಡಿದುಕೊಳ್ಳಲು ಜಾಗವಿರುವುದಿಲ್ಲ.

ಇನ್ನು ಕಳೆಯ ವಿಚಾರ. ನೇರಳೆ ಹೂ ಬಿಡುವ, ಎಲೆಯ ಬುಡದಲ್ಲಿ ಗಾಳಿಗಡ್ಡೆ ಇರುವ ಜಲಕಳೆ ದಕ್ಷಿಣ ಅಮೆರಿಕದಿಂದ ಬಂದದ್ದು. ನಮ್ಮ ಕಡೆ ಅದನ್ನೂ ಅಂತರಗಂಗೆ ಎಂದೇ ಕರೆಯುತ್ತಾರೆ. ಕೊಳಚೆಯಲ್ಲಿರುವ ಸಾರಜನಕ, ರಂಜಕ ಅದಕ್ಕೆ ಗೊಬ್ಬರ. ಬಿಸಿಲೂ ಗೊಬ್ಬರವೂ ಸಿಕ್ಕರೆ ಸುಮಾರು ಎರಡು ವಾರಕ್ಕೆ ಇಮ್ಮಡಿಯಾಗುತ್ತದೆ. ಲೆಕ್ಕ ಹಾಕಿ ನೋಡಿ: ಟೆಂಡರಿನವರು ಮೂಲೆಯಲ್ಲಿ ಒಂದು ಎಕರೆಯಷ್ಟು ಬಿಟ್ಟು ಹೋದರೂ ಹತ್ತು ವಾರದಲ್ಲಿ ಅದು 32 ಎಕರೆ. ಇದರ ಬೀಜ ಕೆಸರಿನಲ್ಲಿ ಹತ್ತಾರು ವರ್ಷ ಜೀವ ಹಿಡಿದುಕೊಂಡಿರುತ್ತದೆ. ಇದರ ಜೊತೆಗೆ ಅಂಚಿನಲ್ಲಿ ಜೊಂಡು, ಗೆಣ್ಣುಗೆಣ್ಣಿಗೆ ಬೇರು ಬಿಡುವ ಅಲಿಗೇಟರ್ ಕಳೆ. ಎರಡನೆಯದನ್ನು ಯಂತ್ರದಲ್ಲಿ ಕತ್ತರಿಸಿ ತುಂಡುಗಳನ್ನು ನೀರಿನಲ್ಲೇ ಬಿಟ್ಟರೆ ಪ್ರತಿ ತುಂಡೂ ಹೊಸ ಗಿಡ. ಕಳೆ ಕೊಯ್ಯುವ ಯಂತ್ರ ಬಂದು ಹೋದ ಮೇಲೆ ಇದು ಮೊದಲಿಗಿಂತ ಹೆಚ್ಚು ಹರಡಿರುವುದನ್ನು ನಮ್ಮ ಕೆರೆಯಲ್ಲೇ ಕಂಡಿದ್ದೇವೆ.

ಕಳೆಯ ಚಾಪೆ ನೀರನ್ನು ಮುಚ್ಚಿದರೆ ಕೆಳಗೆ ಬೆಳಕಿಲ್ಲ, ಗಾಳಿಯಿಲ್ಲ. ಮೀನು ಉಸಿರುಗಟ್ಟುತ್ತದೆ, ಸೊಳ್ಳೆ ಹೆಚ್ಚುತ್ತದೆ. ಒಣಗಿದರೆ ಇನ್ನೊಂದು ಅಪಾಯ. 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಯ ಒಣಗಿದ ಹುಲ್ಲು–ಕಳೆಗೆ ಬೆಂಕಿ ಹತ್ತಿದಾಗ ಅದನ್ನು ಆರಿಸಲು ಸೈನಿಕರೂ ಕೈಜೋಡಿಸಬೇಕಾಯಿತು. ಸುಮಾರು 900 ಎಕರೆಯ ಆ ಕೆರೆಯಲ್ಲಿ ಬೆಂಕಿ ಉರಿದದ್ದನ್ನು ದೇಶವೇ ನೋಡಿತು.

ಹಾಗಿದ್ದೂ ಕಳೆಯ ಕೆಲಸವನ್ನು ನಾವು ಇವತ್ತಿಗೂ ಲೋಡಿನ ಲೆಕ್ಕದಲ್ಲಿ ಮಾಡಿಸುತ್ತಿದ್ದೇವೆ. ಈ ಗಿಡದ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರು. ಹತ್ತು ಟನ್ ಲೋಡಿನಲ್ಲಿ ಒಂಬತ್ತು ಟನ್ನಿಗೂ ಮಿಕ್ಕಿ ನೀರಿಗೇ ಡೀಸೆಲ್ ಸುಡುತ್ತೇವೆ. ಅಷ್ಟನ್ನೂ ಸಾಗಿಸದೆ ಏರಿಯ ಪಕ್ಕದಲ್ಲೇ ರಾಶಿ ಹಾಕಿದರೆ ಮೊದಲ ಮಳೆಗೆ ಕೊಳೆತ ರಸವೆಲ್ಲ ಕೆರೆಗೇ ಇಳಿದು ಮುಂದಿನ ಕಳೆಗೆ ಗೊಬ್ಬರವಾಗುತ್ತದೆ. ಎರಡು ಮೂರು ದಿನ ದಡದಲ್ಲಿ ಹರಡಿ ನೀರಿಳಿಸಿ, ಒಣಗಿದ ಮೇಲೆ ಸಾಗಿಸಿದರೆ ಲಾರಿಗಳ ಸಂಖ್ಯೆಯೇ ಎಷ್ಟೋ ಕಡಿಮೆಯಾಗುತ್ತದೆ. ಬಿಲ್ಲು ಮಾತ್ರ ಲೋಡಿನ ಲೆಕ್ಕದಲ್ಲಿ ಆಗುವವರೆಗೆ ಒಣಗಿಸಿ ಸಾಗಿಸಲು ಯಾವ ಗುತ್ತಿಗೆದಾರರೂ ಮುಂದೆ ಬರುವುದಿಲ್ಲ. ದಯವಿಟ್ಟು ಪದ್ಧತಿ ಬದಲಿಸಿ. ತೆಗೆದ ಕಳೆಗಲ್ಲ, ಕಳೆಯಿಲ್ಲದೆ ಉಳಿಸಿಕೊಂಡ ನೀರಿಗೆ ಹಣ ಕೊಡಿ. ಇಷ್ಟು ಎಕರೆ ತೆರೆದ ನೀರು ವರ್ಷವಿಡೀ ಇರಬೇಕು, ತಿಂಗಳಿಗೊಮ್ಮೆ ಅಳೆದು ಬಿಲ್ಲು ಎಂದು ಗುತ್ತಿಗೆಯಲ್ಲೇ ಬರೆಯಿರಿ. ಆಗ ಹಿಟಾಚಿ ತಂದು ವರ್ಷಕ್ಕೊಮ್ಮೆ ಬಾಚುವುದಕ್ಕಿಂತ ಇಬ್ಬರು ತೆಪ್ಪದಲ್ಲಿ ಕುಳಿತು ವಾರಕ್ಕೊಮ್ಮೆ ಮರಿಗಿಡ ಎತ್ತುವುದೇ ಅವರಿಗೂ ಲಾಭವಾಗುತ್ತದೆ.

ಕಳೆನಾಶಕ ಸಿಂಪಡಿಸುವ ಸಲಹೆ ಆಗಾಗ ಕೇಳಿಬರುತ್ತದೆ. ಬೇಡ. ಸತ್ತ ಕಳೆ ಅಲ್ಲೇ ಮುಳುಗಿ ಕೊಳೆತಾಗ ಉಳಿದ ಆಮ್ಲಜನಕವೂ ಮುಗಿಯುತ್ತದೆ, ಹೀರಿದ್ದ ರಂಜಕ ಹೊರಬರುತ್ತದೆ, ಮೇಲೆ ವಿಷ ಬೇರೆ. ಹುಲ್ಲುಗೆಂಡೆ ಬಿಟ್ಟರೆ ಸಾಕು ಎನ್ನುವವರೂ ಇದ್ದಾರೆ. ಅದು ನೀರೊಳಗಿನ ಮೆತ್ತನೆಯ ಕಳೆ ತಿನ್ನುವ ಮೀನು, ಅಂತರಗಂಗೆಯ ಚಾಪೆಗೆ ಅದು ಉತ್ತರವಲ್ಲ. ಇದಕ್ಕಿಂತ ಒಳ್ಳೆಯ ದಾರಿಯನ್ನು ನಮ್ಮ ಊರಿನವರೇ ತೋರಿಸಿದ್ದಾರೆ. 1980ರ ದಶಕದಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ಕಳೆಯ ಮೂಲ ನೆಲದಿಂದಲೇ ಬಂದ ಮೂತಿಹುಳುಗಳನ್ನು ಪರೀಕ್ಷಿಸಿ, ಬೆಂಗಳೂರಿನ ಕೆರೆಗಳಲ್ಲಿ ಬಿಟ್ಟು ಕಳೆ ತಗ್ಗಿಸಿ ತೋರಿಸಿದರು. ಈ ಹುಳು ಬೇರೆ ಬೆಳೆಗೆ ಹೋಗುವುದಿಲ್ಲ. ಆದರೆ ಅದು ನಿಧಾನ, ವರ್ಷಗಟ್ಟಲೆ ಸಮಯ ಕೇಳುತ್ತದೆ. ವರ್ಷಕ್ಕೊಮ್ಮೆ ಯಂತ್ರ ಬಂದು ಕಳೆಯ ಜೊತೆ ಹುಳುವನ್ನೂ ಬಾಚಿ ಲಾರಿಗೆ ತುಂಬಿದರೆ ಅದು ನೆಲೆಯೂರುವುದು ಹೇಗೆ? ಯಂತ್ರ ಇಳಿಸುವ ಮುನ್ನ ಎಲೆಯ ಮೇಲೆ ಹುಳು ಕೆರೆದ ಸಣ್ಣ ಸಣ್ಣ ಚುಕ್ಕೆಗಳಿವೆಯೇ ಎಂದು ಯಾರಾದರೂ ನೋಡಲಿ. ಇದ್ದರೆ ಒಂದು ಮೂಲೆಯ ಕಳೆಯನ್ನು ತಡೆ ಕಟ್ಟಿ ಹುಳುವಿಗೆಂದು ಬಿಡಲಿ.

ನೀರಿನ ಮಟ್ಟವೇ ಕಳೆಗೆ ಮದ್ದಾಗುವುದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇದನ್ನು ಯಾವ ಎಸ್ಟಿಮೇಟಿನಲ್ಲೂ ನಾನು ಕಂಡಿಲ್ಲ. ಮಾರ್ಚ್–ಏಪ್ರಿಲಿನಲ್ಲಿ ತೂಬು ತೆರೆದು ಒಂದು ಮೀಟರಿನಷ್ಟು ಇಳಿಸಿದರೆ ಅಂಚಿನ ಅಂತರಗಂಗೆ ನೆಲ ಕಚ್ಚಿ ಒಣಗುತ್ತದೆ, ಒಣಗಿದ್ದನ್ನು ಕೈಯಲ್ಲೇ ಎತ್ತಬಹುದು. ಬಲಿತ ಜೊಂಡಿಗೆ ಬೇರೆ ಉಪಾಯ. ಮಟ್ಟ ಇಳಿದಾಗ ಬುಡಕ್ಕೆ ಕುಡುಗೋಲು ಹಾಕಿ ಕೊಯ್ಯಬೇಕು, ಕೂಳೆ ಒಂದು ಗೇಣಿಗಿಂತ ಎತ್ತರ ಇರಬಾರದು. ಆಮೇಲೆ ನೀರು ಏರಿಸಿ ಕೂಳೆಯ ಮೇಲೆ ಒಂದೆರಡು ಅಡಿ ನೀರು ಕೆಲವು ವಾರ ನಿಲ್ಲುವಂತೆ ಮಾಡಬೇಕು. ಜೊಂಡಿನ ಗಡ್ಡೆ ಉಸಿರಾಡುವುದು ನೀರಿನಿಂದ ಮೇಲೆ ನಿಂತ ಕಾಂಡದ ಮೂಲಕ. ಆ ಕೊಳವೆ ಮುಳುಗಿದರೆ ಗಡ್ಡೆ ಕೆಸರಿನಲ್ಲೇ ಕೊಳೆಯುತ್ತದೆ. ತುಂಬಿದ ಕೆರೆಯಲ್ಲಿ ನೀರಿನ ಮೇಲಕ್ಕೆ ಕತ್ತರಿಸಿ ಬಿಟ್ಟರೆ ತಿಂಗಳೊಳಗೆ ಮೊದಲಿನಷ್ಟೇ ಎತ್ತರ ನಿಂತಿರುತ್ತದೆ.

ಇಲ್ಲಿ ಎಚ್ಚರಿಕೆಯ ಮಾತೂ ಇದೆ. ಒಣಗಿದ ಅಂಗಳಕ್ಕೆ ಮತ್ತೆ ನೀರು ಏರಿದಾಗ ಕೆಸರಿನಲ್ಲಿ ಮಲಗಿದ್ದ ಬೀಜಗಳು ಒಟ್ಟಿಗೇ ಮೊಳೆಯುತ್ತವೆ. ಮೇ ತಿಂಗಳ ಮಳೆಯಾದ ಮೇಲೆ ಅಂಚಿನುದ್ದಕ್ಕೂ ಬೆರಳಗಲದ ಸಸಿಗಳು ಕಾಣುತ್ತವೆ. ಆ ಮೂರ್ನಾಲ್ಕು ವಾರದಲ್ಲಿ ಅವನ್ನು ಕಿತ್ತರೆ ವರ್ಷದ ಕೆಲಸ ಮುಗಿದಂತೆ. ಅಷ್ಟರೊಳಗೆ ಯಾರೂ ಬಾರದಿದ್ದರೆ ಇಳಿಸಿದ್ದೂ ವ್ಯರ್ಥ. ವರ್ಕ್ ಆರ್ಡರ್ ಆಗಸ್ಟಿನಲ್ಲಿ ಬಂದರೆ ಏನು ಪ್ರಯೋಜನ? ಕಳೆಯ ಕೆಲಸಕ್ಕೆ ಹಣಕ್ಕಿಂತ ತಿಥಿ ಮುಖ್ಯ ಎಂದು ನಾನು ಹೇಳುವುದು ಇದಕ್ಕೇ.

ಎಲ್ಲವನ್ನೂ ಬೋಳಿಸಿ ಎಂದು ಮಾತ್ರ ಯಾರೂ ಕೇಳುತ್ತಿಲ್ಲ. ನೀರು ಒಳಬರುವ ಬಾಯಿಯಲ್ಲಿ ಜೊಂಡು ಇರಲೇಬೇಕು, ಕೊಳಚೆಯ ಸತ್ವವನ್ನು ಹೀರುವುದು ಅದೇ. ಜಕ್ಕೂರು ಕೆರೆಯಲ್ಲಿ ದಿನಕ್ಕೆ ಒಂದು ಕೋಟಿ ಲೀಟರ್ ಸಂಸ್ಕರಿಸುವ ಘಟಕ ಕಟ್ಟಿ, ಅಲ್ಲಿಂದ ಹೊರಬಿದ್ದ ನೀರನ್ನು ಮೊದಲು ಜೊಂಡಿನ ಜೌಗಿನಲ್ಲಿ ಹಾಯಿಸಿ ಆಮೇಲೆ ಕೆರೆಗೆ ಬಿಟ್ಟರು. ಸಂಸ್ಕರಿಸಿದ ನೀರು ಎಂದ ಮಾತ್ರಕ್ಕೆ ಅದು ಮಳೆ ನೀರಲ್ಲ. ಸಾಮಾನ್ಯ ಘಟಕಗಳು ರಂಜಕವನ್ನು ಪೂರ್ತಿ ತೆಗೆಯುವುದಿಲ್ಲ, ಆದ್ದರಿಂದ ನೇರವಾಗಿ ಬಿಟ್ಟರೆ ಕಳೆಗೆ ಊಟ ಸಿಕ್ಕೇ ಸಿಗುತ್ತದೆ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಒಣಗಿದ ಕೆರೆಗಳಿಗೆ ಸಂಸ್ಕರಿಸಿದ ನೀರು ತುಂಬಿಸುವ ತೀರ್ಮಾನವಾಯಿತು. ಅಂತರ್ಜಲಕ್ಕೆ ಅದು ಬೇಕಾದದ್ದೇ, ವಿರೋಧಿಸುವುದಿಲ್ಲ. ಆದರೆ ನೀರು ತುಂಬಿಸುವ ಪ್ರತಿ ಕೆರೆಗೂ ಮೊದಲು ಒಂದು ಜೌಗು, ಆ ಜೌಗಿನ ಜೊಂಡನ್ನು ಕಾಲಕಾಲಕ್ಕೆ ಕೊಯ್ಯಲು ಜನ, ಕೆರೆ ತುಂಬುವ ಮೊದಲು ಪೂರೈಕೆ ನಿಲ್ಲಿಸಲು ಒಂದು ಕವಾಟ, ಈ ಮೂರೂ ಇರಲಿ. ಮಳೆ ಸುರಿಯುವ ರಾತ್ರಿಯೂ ಘಟಕದ ನೀರು ಕೆರೆಗೆ ಬೀಳುತ್ತಲೇ ಇರಬಾರದು.

ದಡದಲ್ಲೂ ಅಷ್ಟೇ. ಅಭಿವೃದ್ಧಿಯ ಹೆಸರಿನಲ್ಲಿ ಹಲವು ಕೆರೆಗಳನ್ನು ಸುತ್ತಲೂ ಕಡಿದಾಗಿ ಅಗೆದು, ಕಲ್ಲು ಕಟ್ಟಿ, ಮೇಲೆ ನಡಿಗೆ ಹಾದಿ ಹಾಕಿಬಿಟ್ಟಿದ್ದೇವೆ. ನೀರು ಇಳಿದಾಗ ಕಾಣಬೇಕಾದ ಇಳಿಜಾರು ಅಂಗಳವೇ ಅಲ್ಲಿಲ್ಲ. ಮೊಳಕಾಲುದ್ದ ನೀರಿನಲ್ಲಿ ಮೇಯುವ ಕೊಕ್ಕರೆ, ಗದ್ದೆಗೊರವಗಳಿಗೆ ನಿಲ್ಲಲು ಜಾಗವಿಲ್ಲ. ತೇಲುವ ಎಲೆಗಳ ಮೇಲೆ ಮೊಟ್ಟೆಯಿಡುವ ದೇವನಕ್ಕಿ, ಕಳೆಯ ಗುಡ್ಡೆಯಲ್ಲಿ ಗೂಡು ಕಟ್ಟುವ ಗುಳುಮುಳುಕಗಳಿಗೆ ಮಳೆಗಾಲವೇ ಮರಿ ಮಾಡುವ ಕಾಲ. ಮಟ್ಟ ಒಂದೇ ರಾತ್ರಿಯಲ್ಲಿ ಎರಡಡಿ ಏರಿದರೆ ಗೂಡು ಮುಳುಗುತ್ತದೆ. ನಿಧಾನವಾಗಿ ಏರಿ ನಿಧಾನವಾಗಿ ಇಳಿಯುವ ಕೆರೆ ಹಕ್ಕಿಗೂ ಒಳ್ಳೆಯದು, ನಮ್ಮ ಮನೆಗೂ ಒಳ್ಳೆಯದು.

ಪ್ರವಾಹದ ಮಾತಿಗೆ ಬರುತ್ತೇನೆ. 2019ರ ನವೆಂಬರಿನಲ್ಲಿ ಹುಳಿಮಾವು ಕೆರೆಯ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. 2022ರ ಸೆಪ್ಟೆಂಬರ್ ಮೊದಲ ವಾರ ಒಂದೇ ದಿನ 130 ಮಿಲಿಮೀಟರಿಗೂ ಹೆಚ್ಚು ಸುರಿದಾಗ ಬೆಳ್ಳಂದೂರು, ಸರ್ಜಾಪುರ ರಸ್ತೆ, ಹೊರವರ್ತುಲ ರಸ್ತೆಯ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ಯಲಹಂಕದ ಕೇಂದ್ರೀಯ ವಿಹಾರದವರು 2021ರ ನವೆಂಬರಿನಲ್ಲೂ 2024ರ ಅಕ್ಟೋಬರಿನಲ್ಲೂ ಕೆರೆ ನೀರಿನಲ್ಲಿ ಸಿಕ್ಕಿಕೊಂಡರು.

ನಮ್ಮಲ್ಲೂ ಅಂಥ ಒಂದು ರಾತ್ರಿ ಬಂದಿತ್ತು. ಹನ್ನೊಂದು ಗಂಟೆ ಹೊತ್ತಿಗೆ ತಗ್ಗಿನ ಅಡ್ಡರಸ್ತೆಯಲ್ಲಿ ನೀರು ಮೆಟ್ಟಿಲು ಹತ್ತತೊಡಗಿದಾಗ ಹುಡುಗರು ಟಾರ್ಚು ಹಿಡಿದು ಕೋಡಿಗೆ ಓಡಿದರು. ಗಾಳಿಗೆ ತೇಲಿ ಬಂದ ಕಳೆಯ ಚಾಪೆ ಕೋಡಿಯ ಕಂಬಿಗಳಿಗೆ ಒತ್ತಿಕೊಂಡು ಗೋಡೆಯಂತೆ ನಿಂತಿತ್ತು. ಅದರೊಳಗೆ ಥರ್ಮಾಕೋಲ್, ಹಾಲಿನ ಪ್ಯಾಕೆಟ್ಟು, ಯಾರದೋ ಮನೆಯ ಹಾಸಿಗೆ. ಪಕ್ಕದ ಗೇಟಿಗೆ ಬೀಗ. ಬೀಗದ ಕೈ ಯಾರ ಬಳಿ ಎಂದು ಕೇಳಿದರೆ ಒಂದು ಕಡೆಯಿಂದ ಇನ್ನೊಂದು ಕಡೆಯ ನಂಬರ್ ಕೊಟ್ಟರು, ಆ ಕಡೆಯಿಂದ ಮತ್ತೊಂದು. ಕೊನೆಗೆ ಬೀಗ ಒಡೆದರೂ ತುಕ್ಕು ಹಿಡಿದ ತಿರುಗುಚಕ್ರ ಕದಲಲಿಲ್ಲ. ಬಿದಿರು ಗಳಗಳಿಂದ ಕಳೆ ತಳ್ಳಿ, ಹಗ್ಗ ಕಟ್ಟಿ ಎಳೆದು, ಬೆಳಗಿನ ಜಾವ ನೀರು ಇಳಿಯಲು ಶುರುವಾಯಿತು. ಅಷ್ಟರಲ್ಲಿ ಕೆಳಗಿನ ಮನೆಗಳಲ್ಲಿ ಫ್ರಿಜ್ಜು ತೇಲಿತ್ತು, ಮಕ್ಕಳ ಪುಸ್ತಕ ನೆನೆದಿದ್ದವು. ಬಾಣಂತಿಯೊಬ್ಬಳನ್ನು ಮೇಲಿನ ಮಹಡಿಯವರು ಮಂಚ ಸಮೇತ ಎತ್ತಿ ಒಯ್ದಿದ್ದರು. ಯಾರೊಬ್ಬರನ್ನೂ ದೂರಲು ಇದನ್ನು ಬರೆಯುತ್ತಿಲ್ಲ. ಆ ಗೇಟು ಯಾರ ಕೆಲಸವೂ ಆಗಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಖಾಲಿ ಜಾಗ ಬಿಟ್ಟರೆ ಎಷ್ಟು ಉಳಿಯುತ್ತದೆ ಎಂಬ ಲೆಕ್ಕ ಸರಳ. 40 ಎಕರೆಯ ಕೆರೆಯನ್ನು ಅರ್ಧ ಮೀಟರ್ ಇಳಿಸಿಟ್ಟರೆ ಸುಮಾರು 8 ಕೋಟಿ ಲೀಟರಿನಷ್ಟು ಜಾಗ ಸಿಗುತ್ತದೆ. ಆ ಕೆರೆಗೆ ಎರಡು ಚದರ ಕಿಲೋಮೀಟರ್ ಜಲಾನಯನ ಇದೆ, 60 ಮಿಲಿಮೀಟರ್ ಮಳೆಯಾಯಿತು, ಅರ್ಧ ಹರಿದು ಬಂತು ಎಂದುಕೊಳ್ಳಿ. ಬಂದದ್ದು 6 ಕೋಟಿ ಲೀಟರ್. ಪೂರ್ತಿ ಕೆರೆಯಲ್ಲೇ ನಿಲ್ಲುತ್ತದೆ, ಕೋಡಿ ಹರಿಯುವುದೇ ಇಲ್ಲ. ಮೈಯೆಲ್ಲ ಕಾಂಕ್ರೀಟಾದ ಬಡಾವಣೆಗಳಲ್ಲಿ ಅರ್ಧಕ್ಕಿಂತ ಹೆಚ್ಚೇ ಹರಿದು ಬರಬಹುದು, ಆಗಲೂ ರಾಜಕಾಲುವೆಗೆ ಒಂದೆರಡು ಗಂಟೆ ಬಿಡುವು ಸಿಗುತ್ತದೆ. ಒಂದೊಂದು ಕೆರೆಯೂ ಹೀಗೆ ಹಿಡಿದರೆ ಸರಣಿಯ ಕೊನೆಯಲ್ಲಿರುವ ಬೆಳ್ಳಂದೂರು, ವರ್ತೂರಿನ ಜನಕ್ಕೆ ಎಷ್ಟು ಭಾರ ಇಳಿದೀತು ಯೋಚಿಸಿ.

ಆದರೆ ಮಳೆ ಸುರಿಯುವಾಗ ಗೇಟು ಎತ್ತುವುದಲ್ಲ. ಅದು ನಮ್ಮ ನೀರನ್ನು ಕೆಳಗಿನವರ ಮನೆಗೆ ಕಳಿಸಿದಂತೆ. ಇಳಿಸುವುದು ಮಳೆಗೆ ಮೊದಲು, ದಿನಕ್ಕೆ ಕೆಲವೇ ಸೆಂಟಿಮೀಟರ್, ಕೆಳಗಿನ ಕೆರೆಯ ನೀರುಗಂಟಿಗೆ ಹೇಳಿ. ತೂಬಿನಿಂದ ಹೊರಡುವುದು ತಳದ ನೀರು, ಒಮ್ಮೆಗೇ ಬಿಟ್ಟರೆ ಅದರ ಕೆಸರು, ದುರ್ವಾಸನೆ ಕೆಳಗಿನ ಮೀನುಗಳನ್ನು ಕೊಲ್ಲಬಹುದು. ಮಳೆಯ ಮುನ್ಸೂಚನೆಗೆ ನಮಗೆ ಕೊರತೆಯಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ನಗರದ ತುಂಬ ಇವೆ, ರಾಜಕಾಲುವೆಗಳಲ್ಲಿ ಮಟ್ಟ ಅಳೆಯುವ ಸಾಧನಗಳಿವೆ, ಬೆಂಗಳೂರು ಮೇಘಸಂದೇಶ ಆ್ಯಪ್ ಇದೆ. ಅಷ್ಟೆಲ್ಲ ಮಾಹಿತಿ ಬಂದು ತಲುಪಬೇಕಾದ ಕೈಯೊಂದು ಕೆರೆಯ ದಡದಲ್ಲಿ ಇಲ್ಲ.

ಈಗ ನನ್ನ ನೆರೆಹೊರೆಯವರಿಗೆ ನಾಲ್ಕು ಮಾತು. ಕೆರೆಗೆ ಮುಖ ಮಾಡಿದ ಅಪಾರ್ಟ್‌ಮೆಂಟಿನವರಿಗೆ ಬಾಲ್ಕನಿಯಿಂದ ತುಂಬಿದ ನೀರೇ ಕಾಣಬೇಕು. ಆಗಸ್ಟಿನಲ್ಲಿ ಕೆಸರಂಚು ಕಂಡರೆ "ಕೆರೆ ಒಣಗುತ್ತಿದೆ, ಕಾಪಾಡಿ" ಎಂದು ದೂರು ಹೋಗುತ್ತದೆ. ಕೋಡಿಯ ಮೇಲೆ ಮರಳಿನ ಚೀಲ ಜೋಡಿಸಿ ಮಟ್ಟ ಏರಿಸಿದ್ದನ್ನೂ ನೋಡಿದ್ದೇನೆ. ಆ ಚೀಲಗಳ ಒಂದೊಂದು ಇಂಚೂ ಏರಿಯ ಕೆಳಗಿನ ಶೀಟು ಮನೆಗಳ ಹೊಸ್ತಿಲಿನ ಲೆಕ್ಕ. ಮೀನಿನ ಗುತ್ತಿಗೆ ಹಿಡಿದವರಿಗೂ ನೀರು ಇಳಿಸುವುದು ಕಷ್ಟ, ಅವರ ಹಣ ನೀರಿನಲ್ಲಿದೆ. ಅವರ ಮಾತು ನ್ಯಾಯವಾದದ್ದು. ಆದ್ದರಿಂದ ಗುತ್ತಿಗೆಯ ಕಾಗದದಲ್ಲೇ ಯಾವ ತಿಂಗಳು ಎಷ್ಟು ನೀರು ಎಂದು ಬರೆದಿರಲಿ, ಬೇಸಿಗೆಯ ಇಳಿತಕ್ಕೆ ಮುಂಚೆಯೇ ಅವರು ಮೀನು ಹಿಡಿದುಕೊಳ್ಳಲಿ. ಮೇವಿಗೆಂದು ಅಂಚಿನ ಹುಲ್ಲು ಕೊಯ್ಯಲು ಬರುತ್ತಿದ್ದ ಹಸು ಸಾಕುವವರನ್ನು ಬೇಲಿ ಹಾಕಿ ಹೊರಗಿಟ್ಟೆವು. ವರ್ಷವಿಡೀ ಕೂಲಿ ಕೇಳದೆ ಅಂಚು ಕಾಯುತ್ತಿದ್ದವರು ಅವರು. ಕಾರ್ಖಾನೆಯ ನೀರು ಸೇರುವ ಕೆರೆಗಳ ಹುಲ್ಲು ಹಸುವಿಗೆ ಒಳ್ಳೆಯದಲ್ಲ, ಅಲ್ಲಿ ತಡೆಯುವುದು ಸರಿ. ಉಳಿದ ಕೆರೆಗಳಲ್ಲಿ ನೀರು ಪರೀಕ್ಷಿಸಿ, ಸರಿಯಿದ್ದರೆ ಅವರಿಗೆ ಗೇಟು ತೆಗೆಯಿರಿ.

ಬೊಗಸೆ ತುಂಬ ಮಾರ್ಜಕ ಸುರಿದು ಬಟ್ಟೆ ಒಗೆಯುವ, ಎಸ್‌ಟಿಪಿ (ಕೊಳಚೆ ಸಂಸ್ಕರಣಾ ಘಟಕ) ಇದ್ದೂ ಕರೆಂಟು ಬಿಲ್ಲಿಗೆ ಹೆದರಿ ನಿಲ್ಲಿಸಿಬಿಡುವ, ಮಳೆ ನೀರಿನ ಚರಂಡಿಗೆ ಶೌಚದ ಪೈಪು ಕೊಡುವ ಮನೆಗಳು, ಸಮುಚ್ಚಯಗಳು ನಮ್ಮ ನಡುವೆಯೇ ಇವೆ. ಅಂಥವರ ಹತ್ತಿರ ಅಧಿಕಾರಿಗಳಿಗಿಂತ ಮೊದಲು ನಾವೇ ಹೋಗಿ ಮಾತಾಡಬೇಕು. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯನ್ನು ಸುತ್ತಲಿನ ಜನರೇ ಟ್ರಸ್ಟು ಕಟ್ಟಿಕೊಂಡು, ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು ವರ್ಷಗಟ್ಟಲೆ ನೋಡಿಕೊಂಡಿದ್ದಾರೆ. ಪಕ್ಕದ ವಸತಿ ಸಮುಚ್ಚಯದ ಸಂಸ್ಕರಿಸಿದ ನೀರು ಆ ಕೆರೆಗೆ ಬರುವ ಏರ್ಪಾಡೂ ಆಯಿತು. ಅವರು ಮಾಡಿದ್ದನ್ನು ನಾವೂ ಮಾಡಬಹುದು. ಆದರೆ ಗೇಟು ತಿರುಗಿಸುವ ಅಧಿಕಾರ ಸ್ವಯಂಸೇವಕರಿಗೆ ಇರುವುದಿಲ್ಲ, ಇರಲೂಬಾರದು. ಒಂದು ಬೀದಿಯವರು ಎತ್ತು ಎಂದರೆ ಇನ್ನೊಂದು ಬೀದಿಯವರು ಇಳಿಸು ಎನ್ನುವ ಕೆಲಸ ಅದು. ಕಾಯಂ ನೌಕರಿಯ, ಉತ್ತರ ಕೊಡಬೇಕಾದ ಒಬ್ಬರೇ ಅದನ್ನು ಮಾಡಬೇಕು.

ಆದ್ದರಿಂದ ಕೇಳುತ್ತಿರುವುದು: ಮುಚ್ಚಿದ ತೂಬುಗಳನ್ನು ತೆರೆಸಿ ಗೇಟು ಕೂರಿಸಿ. ದುಬಾರಿ ಮೋಟಾರಿನ ಗೇಟೇ ಆಗಬೇಕೆಂದಿಲ್ಲ, ಕೋಡಿಯಲ್ಲಿ ಸೀಳು ಕೊರೆದು ಒಂದರ ಮೇಲೊಂದು ಇಳಿಸುವ ಹಲಗೆಗಳಾದರೂ ಸಾಕು, ಕರೆಂಟು ಹೋದ ರಾತ್ರಿ ಅವೇ ಕೆಲಸಕ್ಕೆ ಬರುತ್ತವೆ. ಕೋಡಿಗೆ ಹತ್ತಿಪ್ಪತ್ತು ಅಡಿ ಮುಂದೆ ತೇಲುವ ತಡೆ ಕಟ್ಟಿ, ಕಳೆ ಕಂಬಿಗೆ ಬಂದು ಕೂರದಂತೆ. ಏರಿಯ ಮೇಲೆ ಎಲ್ಲರಿಗೂ ಕಾಣುವ ಅಳತೆಗಲ್ಲು ನೆಡಿ, ಅದರಲ್ಲಿ ತಿಂಗಳುವಾರು ಮಟ್ಟವನ್ನು ಬಣ್ಣದಲ್ಲಿ ಬರೆಯಿಸಿ: ಏಪ್ರಿಲ್ ಕೊನೆಗೆ ಇಷ್ಟು, ಹುಬ್ಬೆ ಮಳೆಯಿಂದ ಚಿತ್ತೆ ಕಳೆಯುವವರೆಗೆ (ಆಗಸ್ಟ್ ಕೊನೆಯಿಂದ ಅಕ್ಟೋಬರ್ ಕೊನೆಯ ವಾರದವರೆಗೆ) ಕೋಡಿಗಿಂತ ಅರ್ಧ ಮೀಟರ್ ಕೆಳಗೆ, ಆಮೇಲೂ ಒಮ್ಮೆಗೇ ತುಂಬಿಸದೆ ಹಲಗೆ ಹಲಗೆಯಾಗಿ ಏರಿಸುತ್ತ ಡಿಸೆಂಬರಿಗೆ ಪೂರ್ತಿ. ಕೊಳಚೆ ಸೇರದೆ ಬರೀ ಮಳೆ ನಂಬಿದ ಕೆರೆಗಳಿಗೆ ಬೇರೆ ಮಟ್ಟ ಇರಲಿ, ಅಲ್ಲಿ ಒಂದೊಂದು ಮಳೆಯೂ ಅಮೂಲ್ಯ. ಅಂಗೈಯಗಲದ ಬದಲಾವಣೆಗೂ ಆಯಾ ಕೆರೆಯ ಎಂಜಿನಿಯರು ಸಹಿ ಹಾಕಲಿ. ನೀರುಗಂಟಿ ದಿನಾ ಬೆಳಿಗ್ಗೆ ಮಟ್ಟ ನೋಡಿ ಪುಸ್ತಕದಲ್ಲಿ ಬರೆಯಲಿ, ಆ ಪುಸ್ತಕ ಕೇಳಿದವರಿಗೆ ಸಿಗಲಿ. ಆತನ, ಆಕೆಯ ಫೋನ್ ನಂಬರು ಗೇಟಿನ ಪಕ್ಕದ ಫಲಕದಲ್ಲಿರಲಿ. ವರ್ಷಕ್ಕೊಮ್ಮೆ ಕಳೆ ಬಾಚಲು ಕೊಡುವ ಹಣಕ್ಕೆ ಇಬ್ಬರ ಸಂಬಳ ಹೊಂದಿಸುವುದು ಅಸಾಧ್ಯವೇ? ನೀವೇ ಲೆಕ್ಕ ಹಾಕಿ ಜನರ ಮುಂದೆ ಇಡಿ.

ಮೇ ತಿಂಗಳ ಮಳೆಗೆ ಮೊದಲು ನಮ್ಮ ಬಡಾವಣೆಯ ಸಭೆ ಕರೆಯುತ್ತೇವೆ. ಕೆರೆಯವರು, ಕಾಲುವೆಯವರು, ಒಳಚರಂಡಿಯವರು, ಮೀನುಗಾರಿಕೆಯವರು ನಾಲ್ವರೂ ಒಂದೇ ದಿನ ಬರಬೇಕೆಂದು ವಿನಂತಿ. ಏರಿಯ ಮೇಲಿನವರನ್ನೂ ಕೆಳಗಿನವರನ್ನೂ ಕೂರಿಸುವ ಜವಾಬ್ದಾರಿ ನಮ್ಮದು. ಆ ಅಜ್ಜನನ್ನೂ ಕರೆತರುತ್ತೇವೆ, ತೂಬಿನ ಗೀರುಗಳನ್ನು ನಿಮ್ಮ ಎಂಜಿನಿಯರುಗಳು ಅವರೆದುರೇ ಅಳೆದುಕೊಳ್ಳಲಿ. ಅಂದು ಬರುವಾಗ ನಮ್ಮ ಕೆರೆಯ ಗೇಟಿನ ಬೀಗದ ಕೈ ಯಾರಲ್ಲಿದೆ ಎಂಬುದನ್ನು ಬರಹದಲ್ಲಿ ತನ್ನಿ.

ಇಂತಿ ವಿಶ್ವಾಸದಿಂದ,
ಏರಿಯ ಕೆಳಗಿನ ಬಡಾವಣೆಯ ನಿವಾಸಿ